ತಿಮರೆಯೋ, ಬ್ರಾಹ್ಮಿಯೋ? ಹೆಸರಿನ ಗೊಂದಲ ಮತ್ತು ವರ್ತಕರ ಹೊಣೆ

ಉಡುಪಿ, ಕಾಪು, ಕಾರ್ಕಳ ಪರಿಸರದ ಗದ್ದೆ ಹುಣಿ, ಅಡಿಕೆ ತೋಟದ ಕಣಿ ಹಾಗೂ ಬಾವಿಕಟ್ಟೆಯ ತೇವದಲ್ಲಿ ತಾನಾಗಿಯೇ ಹಬ್ಬುವ ಮೂಲಿಕೆಗೆ ತುಳುವಿನಲ್ಲಿ ತಿಮರೆ ಎಂದು ಹೆಸರು. ಮನೆಗಳಲ್ಲಿ ಚಟ್ನಿ, ತಂಬುಳಿಗೆ ಬಳಕೆಯಾಗುವ ಈ ಸೊಪ್ಪು ಔಷಧೋದ್ಯಮದ ಕಚ್ಚಾ ಸಾಮಗ್ರಿಯೂ ಹೌದು.

ಒಂದು ತೊಟ್ಟಿಗೆ ಒಂದೇ ಎಲೆ ಇರುವುದರಿಂದ ಕನ್ನಡದಲ್ಲಿ ಇದು ‘ಒಂದೆಲಗ’. ಸಂಸ್ಕೃತದ ‘ಮಂಡೂಕಪರ್ಣಿ’ ಎಂದರೆ ಕಪ್ಪೆ ಎಲೆಯ ಗಿಡ. ವಿದೇಶಿ ಮಾರುಕಟ್ಟೆಯಲ್ಲಿ ರೂಢಿಯಲ್ಲಿರುವ ‘ಗೊಟು ಕೊಲ’ ಎಂಬುದು ಸಿಂಹಳೀ ಹೆಸರು. ಲಿನ್ನೇಯಸ್ 1753ರಲ್ಲಿ ಇದನ್ನು ಹೈಡ್ರೋಕೊಟೈಲ್ ಏಷಿಯಾಟಿಕಾ ಎಂದು ಕರೆದನು. ಹೈಡ್ರೋಕೊಟೈಲ್ ಎಂಬ ಗ್ರೀಕ್ ಮೂಲದ ಪದಕ್ಕೆ ‘ನೀರಿನ ಬಟ್ಟಲು’ ಎಂದರ್ಥ. ಗಿಡದ ನೆಲೆಯೂ ಎಲೆಯ ಆಕಾರವೂ ಅದರಲ್ಲಿ ಅಡಕವಾಗಿವೆ. ಇಂದಿನ ಶಾಸ್ತ್ರೀಯ ನಾಮ ಸೆಂಟೆಲ್ಲಾ ಏಷಿಯಾಟಿಕಾ. ಕೊತ್ತಂಬರಿಯದೂ ಇದೇ ಕುಟುಂಬ.

ಗೊಂದಲ ಹುಟ್ಟುವುದು ‘ಬ್ರಾಹ್ಮಿ’ ಎಂಬ ಹೆಸರಿನಿಂದ. ಕರ್ನಾಟಕದಲ್ಲಿ ಹಲವರು ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ. ಭಾರತೀಯ ಆಯುರ್ವೇದ ಫಾರ್ಮಾಕೊಪಿಯದ ಪ್ರಕಾರ ಬ್ರಾಹ್ಮಿ ಎಂದರೆ ಬಕೋಪಾ ಮೊನ್ನಿಯೇರಿ. ಮಂಡೂಕಪರ್ಣಿ ಬೇರೆಯೇ ಸಸ್ಯ. ಒಂದೆಲಗದ ಎಲೆ ದುಂಡಗಿದ್ದು ಅಂಚು ಹಲ್ಲುಹಲ್ಲಾಗಿರುತ್ತದೆ. ಬಕೋಪಾದ ಎಲೆ ಚಿಕ್ಕದು, ದಪ್ಪ, ತೊಟ್ಟಿಲ್ಲದ್ದು, ಜೋಡಿಜೋಡಿಯಾಗಿ ಮೂಡುತ್ತದೆ. ಒಣಗಿಸಿ ಪುಡಿ ಮಾಡಿದ ಬಳಿಕ ಬರಿಗಣ್ಣಿಗೆ ಈ ವ್ಯತ್ಯಾಸ ನಿಲುಕದು. ಆದರೆ ಮೊದಲನೆಯದರಲ್ಲಿ ಏಷಿಯಾಟಿಕೋಸೈಡ್, ಎರಡನೆಯದರಲ್ಲಿ ಬಕೋಸೈಡ್ ಇರುವುದರಿಂದ ಪ್ರಯೋಗಾಲಯದ ಪರೀಕ್ಷೆಯಲ್ಲಿ ಸತ್ಯ ಹೊರಬೀಳುತ್ತದೆ.

ಔಷಧೀಯ ಸಸ್ಯಗಳಾಗಿ ಎರಡೂ ಸುಂಕಪಟ್ಟಿಯ 1211ನೇ ಶೀರ್ಷಿಕೆಯಡಿ ಬರುವುದರಿಂದ ಬಿಲ್ಲಿನ ಈ ಸಂಖ್ಯೆಯೊಂದರಿಂದಲೇ ತಪ್ಪು ಗೋಚರಿಸುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಹೆಸರೇ ಪ್ರಧಾನ. 1930ರ ಸರಕು ಮಾರಾಟ ಕಾಯಿದೆಯ 15ನೇ ಕಲಮಿನಂತೆ, ವಿವರಣೆಯ ಆಧಾರದ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕು. ಮಾದರಿಯನ್ನೂ ತೋರಿಸಿದ್ದಲ್ಲಿ, ಸರಕು ಮಾದರಿಗೆ ಹೊಂದಿದರಷ್ಟೇ ಸಾಲದು; ವಿವರಣೆಗೂ ಹೊಂದಬೇಕು. ಸದ್ಭಾವನೆಯಿಂದ ‘ಬ್ರಾಹ್ಮಿ’ ಎಂದು ಬರೆದು ಒಂದೆಲಗ ಕಳುಹಿಸಿದವನ ಸರಕು ತಿರಸ್ಕೃತವಾಗಬಹುದು. ಸಾಗಣೆ ವೆಚ್ಚದ ಜೊತೆಗೆ ಗ್ರಾಹಕನ ವಿಶ್ವಾಸವೂ ನಷ್ಟವಾಗಬಹುದು.

ಆದ್ದರಿಂದ ಖರೀದಿ ಆದೇಶ ಹಾಗೂ ಬಿಲ್ಲಿನಲ್ಲಿ ಶಾಸ್ತ್ರೀಯ ನಾಮ, ಬಳಸಿದ ಭಾಗ, ಹಸಿಯೋ ಒಣಗಿದ್ದೋ ಎಂಬುದನ್ನು ನಮೂದಿಸತಕ್ಕದ್ದು. ಪ್ರತಿ ಕಂತಿನ ಮಾದರಿಯನ್ನು ಮೊಹರು ಮಾಡಿ ಇರಿಸಿಕೊಳ್ಳುವುದು ಕ್ಷೇಮ. ಒಂದೆಲಗವು ನೆಲದ ಭಾರಲೋಹಗಳನ್ನು ಹೀರಿಕೊಳ್ಳುವ ಗುಣವುಳ್ಳದ್ದಾದ್ದರಿಂದ ಚರಂಡಿ, ರಸ್ತೆ ಬದಿಯ ಸೊಪ್ಪನ್ನು ವರ್ಜಿಸಿ, ಸಂಗ್ರಹಿಸಿದ ಸ್ಥಳವನ್ನೂ ದಾಖಲಿಸಬೇಕು. ಹುಣಿಯಲ್ಲಿ ಬೆಳೆದ ಸೊಪ್ಪಿಗೆ ಬಂಡವಾಳ ಬೇಕಿಲ್ಲದಿರಬಹುದು. ಅದನ್ನು ಸರಕಾಗಿಸುವವನಿಗೆ ದಾಖಲೆಯ ಶಿಸ್ತು ಅನಿವಾರ್ಯ.