ಯಂತ್ರ ಮತ್ತು ದುಭಾಷಿ

1980ರ ಸುಮಾರಿನಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಯೋಗಾಲಯವೊಂದಕ್ಕೆ ಝೆರಾಕ್ಸ್ ಸಂಸ್ಥೆಯಿಂದ ಹೊಸ ಲೇಸರ್ ಮುದ್ರಣಯಂತ್ರವೊಂದು ಕೊಡುಗೆಯಾಗಿ ಬಂದಿತು. ಯಂತ್ರವು ವೇಗಶಾಲಿಯಾಗಿತ್ತು, ಆದರೆ ಆಗಾಗ ಅದರೊಳಗೆ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಟಾಲ್‌ಮನ್ ಅವರಿಗೆ ಈ ತೊಂದರೆ ಹೊಸದೇನೂ ಆಗಿರಲಿಲ್ಲ. ಹಳೆಯ ಮುದ್ರಣಯಂತ್ರದ ತಂತ್ರಾಂಶವನ್ನು ಅವರು ತಿದ್ದಿ, ಕಾಗದ ಸಿಕ್ಕಿಕೊಂಡೊಡನೆ ಕಾಯುತ್ತಿರುವವರ ಪರದೆಯ ಮೇಲೆ ಸೂಚನೆ ಮೂಡುವಂತೆ ಮಾಡಿದ್ದರು. ಹೊಸ ಯಂತ್ರದೊಡನೆ ತಂತ್ರಾಂಶದ ಮೂಲರೂಪವೇ ಬಂದಿರಲಿಲ್ಲ. ಅದರ ಪ್ರತಿಯೊಂದು ಬೇರೊಂದು ವಿಶ್ವವಿದ್ಯಾನಿಲಯದ ಸಂಶೋಧಕರ ಬಳಿ ಇರುವುದೆಂದು ತಿಳಿದು, ಸ್ಟಾಲ್‌ಮನ್ ಅವರನ್ನು ಕಂಡು ಕೇಳಿದರು. ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿರುವುದಾಗಿ ಹೇಳಿ ಆ ಸಂಶೋಧಕರು ನಿರಾಕರಿಸಿದರು. ಯಂತ್ರ ಕಣ್ಣೆದುರಿಗಿತ್ತು; ಅದರ ಗುಟ್ಟು ಮಾತ್ರ ಬೇರೆಯವರ ಪೆಟ್ಟಿಗೆಯಲ್ಲಿತ್ತು. 1983ರ ಸೆಪ್ಟೆಂಬರ್ 27ರಂದು ಸ್ಟಾಲ್‌ಮನ್ ಅವರು ಗ್ನೂ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ರಚಿಸುವುದಾಗಿ ಪ್ರಕಟಿಸಿದರು.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ತಮ್ಮ 386 ಗಣಕಯಂತ್ರಕ್ಕಾಗಿ ಇಂತಹ ವ್ಯವಸ್ಥೆಯ ತಿರುಳನ್ನು ಬರೆದರು. ಅದೇ ಲಿನಕ್ಸ್. ತಮ್ಮ ಬಳಿ ಇರುವ ಬಗೆಯ ಹಾರ್ಡ್ ಡಿಸ್ಕಿಗಲ್ಲದೆ ಬೇರೆಯದಕ್ಕೆ ಅದು ಪ್ರಾಯಶಃ ಎಂದಿಗೂ ಒಗ್ಗಲಾರದೆಂದು ಆ ವರ್ಷದ ಆಗಸ್ಟಿನಲ್ಲಿ ಅವರೇ ತಿಳಿಸಿದ್ದರು. ಆ ಅಂದಾಜು ಸುಳ್ಳಾಯಿತು. ಗ್ನೂ ಯೋಜನೆಯ ಸಾಧನಗಳೊಡನೆ ಕೂಡಿ ಲಿನಕ್ಸ್ ಲೋಕವನ್ನೇ ವ್ಯಾಪಿಸಿತು. ಆದರೂ ಅಂಗಡಿಯಲ್ಲಿ ದೊರೆಯುವ ಯಂತ್ರಾಂಶವೆಲ್ಲವೂ ಅದಕ್ಕೆ ಒಗ್ಗುವುದೆಂದು ತಿಳಿಯಲಾಗದು.

ಇದಕ್ಕೆ ಕಾರಣವೇನು? ಗಣಕಯಂತ್ರದ ಒಂದೊಂದು ಭಾಗಕ್ಕೂ ತನ್ನದೇ ಆದ ಭಾಷೆಯುಂಟು. ಪರದೆಗೆ ಚಿತ್ರವನ್ನು ಕಳುಹಿಸುವ ಚಿಪ್, ಧ್ವನಿಯನ್ನು ಹೊರಡಿಸುವ ಚಿಪ್, ವೈಫೈ ಚಿಪ್ ಇವೆಲ್ಲವೂ ಬೇರೆ ಬೇರೆ ಆಜ್ಞೆಗಳಿಗೆ ಓಗೊಡುತ್ತವೆ. ಕಾರ್ಯಾಚರಣ ವ್ಯವಸ್ಥೆಗೂ ಈ ಭಾಗಗಳಿಗೂ ನಡುವೆ ನಿಂತು ಮಾತನ್ನು ಸಾಗಿಸುವ ದುಭಾಷಿಯನ್ನು ಡ್ರೈವರ್ ಎನ್ನುತ್ತಾರೆ. ತಯಾರಕರು ತಮ್ಮ ಚಿಪ್ಪಿನ ಭಾಷೆಯನ್ನು ಬಹಿರಂಗಪಡಿಸಿದ್ದರೆ ಡ್ರೈವರನ್ನು ಬಲ್ಲವರು ಯಾರು ಬೇಕಾದರೂ ಬರೆಯಬಹುದು. ಅದನ್ನು ಮುಚ್ಚಿಟ್ಟಿದ್ದರೆ ಯಂತ್ರವನ್ನು ಕೆದಕಿ, ಊಹಿಸಿ, ವರ್ಷಗಟ್ಟಲೆ ಶ್ರಮಿಸಬೇಕಾಗುತ್ತದೆ; ಕೆಲವೊಮ್ಮೆ ಆ ಶ್ರಮವೂ ಫಲಿಸದು.

1990ರ ದಶಕದ ಕೊನೆಯಲ್ಲಿ ದೂರವಾಣಿ ತಂತಿಯ ಮೂಲಕ ಅಂತರಜಾಲವನ್ನು ತಲುಪಿಸುವ ಅಗ್ಗದ ಮೋಡೆಮುಗಳು ಮಾರಾಟಕ್ಕೆ ಬಂದವು. ಖರ್ಚು ತಗ್ಗಿಸುವ ಸಲುವಾಗಿ, ಮೋಡೆಮ್ ತಾನೇ ಮಾಡಬೇಕಾದ ಕೆಲಸದ ಬಹುಭಾಗವನ್ನು ಅವು ಗಣಕಯಂತ್ರದ ಸಂಸ್ಕಾರಕಕ್ಕೆ ಹೊರಿಸುತ್ತಿದ್ದವು. ಆ ಕೆಲಸದ ತಂತ್ರಾಂಶವಾದರೋ ಹೆಚ್ಚಾಗಿ ವಿಂಡೋಸಿಗೆ ಮಾತ್ರ ದೊರೆಯುತ್ತಿತ್ತು. ಲಿನಕ್ಸ್ ಬಳಸುವವನ ಮೇಜಿನ ಮೇಲೆ ಅಂತಹ ಮೋಡೆಮ್ ಬರಿಯ ಭಾರವಾಗಿ ಉಳಿಯಿತು. ಬೆಲೆ ಕಡಿಮೆಯೆಂದು ಕೊಂಡವನು ಮತ್ತೊಂದನ್ನು ಕೊಳ್ಳಬೇಕಾಯಿತು.

ಹೊರಗಿನ ಹೆಸರನ್ನು ನಂಬಿಯೂ ಮೋಸಹೋಗುವುದುಂಟು. ಟಿಪಿ-ಲಿಂಕ್ ಸಂಸ್ಥೆಯ ಟಿಎಲ್-ಡಬ್ಲ್ಯುಎನ್722ಎನ್ ಎಂಬ ವೈಫೈ ಸಾಧನದ ಮೊದಲ ಆವೃತ್ತಿಯಲ್ಲಿ ಅಥೆರಾಸ್ ಚಿಪ್ ಇತ್ತು. ಲಿನಕ್ಸಿನಲ್ಲಿ ಅದಕ್ಕೆ ಒಳ್ಳೆಯ ಮುಕ್ತ ಡ್ರೈವರ್ ಇತ್ತು. ಎರಡನೆಯ ಆವೃತ್ತಿಯಲ್ಲಿ ಹೆಸರು ಬದಲಾಗಲಿಲ್ಲ, ಒಳಗಿನ ಚಿಪ್ ಮಾತ್ರ ರಿಯಲ್‌ಟೆಕ್ ಆಯಿತು. ಗೆಳೆಯನ ಮಾತು ಕೇಳಿ ಅದೇ ಹೆಸರಿನದನ್ನು ತಂದವನಿಗೆ ಅದೇ ಫಲ ದೊರೆಯಲಿಲ್ಲ. ಆದುದರಿಂದ ಕೇಳಬೇಕಾದುದು ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಹೆಚ್ಚಾಗಿ ಒಳಗಿನ ಚಿಪ್ಪಿನ ಹೆಸರು. ಯುಎಸ್‌ಬಿ ಸಾಧನಗಳು ತಯಾರಕನ ಸಂಖ್ಯೆ, ಸಾಧನದ ಸಂಖ್ಯೆ ಎಂಬ ಎರಡು ಗುರುತುಗಳನ್ನು ತಮ್ಮೊಳಗೆ ಹೊತ್ತಿರುತ್ತವೆ. ಲಿನಕ್ಸಿನಲ್ಲಿ ಎಲ್‌ಎಸ್‌ಯುಎಸ್‌ಬಿ ಎಂಬ ಆಜ್ಞೆಯನ್ನಿತ್ತರೆ ಅವು ಪರದೆಯ ಮೇಲೆ ಕಾಣಿಸಿಕೊಳ್ಳುತ್ತವೆ.

ಹಣ ಕೊಡುವ ಮುನ್ನವೇ ಪರೀಕ್ಷಿಸುವ ಸುಲಭೋಪಾಯವೊಂದುಂಟು. ಲಿನಕ್ಸ್ ವ್ಯವಸ್ಥೆಯನ್ನು ಪೆನ್ ಡ್ರೈವಿನಲ್ಲಿ ತುಂಬಿ, ಯಂತ್ರದ ಹಾರ್ಡ್ ಡಿಸ್ಕನ್ನು ಮುಟ್ಟದೆ ಅದರಿಂದಲೇ ಯಂತ್ರವನ್ನು ನಡೆಸಬಹುದು. ಅಂಗಡಿಯವನು ಒಪ್ಪಿದರೆ ಕಾಲು ಗಂಟೆ ಸಾಕು. ವೈಫೈ ಸಿಗುವುದೆ, ಧ್ವನಿ ಬರುವುದೆ, ಪರದೆಯ ಬೆಳಕು ಏರಿಳಿಯುವುದೆ ಎಂಬುದನ್ನು ಎಲ್ಲರೂ ನೋಡುತ್ತಾರೆ. ಲ್ಯಾಪ್‌ಟಾಪಿನ ಮುಚ್ಚಳವನ್ನು ಮುಚ್ಚಿ ತೆರೆದಾಗ ಅದು ನಿದ್ರೆಯಿಂದ ಎಚ್ಚರಗೊಳ್ಳುವುದೆ ಎಂದು ನೋಡಲು ಹಲವರು ಮರೆಯುತ್ತಾರೆ. ಮನೆಗೆ ತಂದ ಮೇಲೆ ಕಾಡುವುದು ಸಾಮಾನ್ಯವಾಗಿ ಇದೇ.

ತಯಾರಕರ ನಿಲುವೂ ಕಾಲಕ್ಕೆ ತಕ್ಕಂತೆ ಬದಲಾಗುವುದು. ಎಎಂಡಿ ಸಂಸ್ಥೆಯು ತನ್ನ ಚಿತ್ರಸಂಸ್ಕಾರಕಗಳ ವಿವರಗಳನ್ನು 2007ರಿಂದ ಪ್ರಕಟಿಸತೊಡಗಿತು. ಎನ್‌ವಿಡಿಯಾ ಸಂಸ್ಥೆಯ ಅಸಹಕಾರವನ್ನು 2012ರಲ್ಲಿ ಟೋರ್ವಾಲ್ಡ್ಸ್ ಸಭೆಯೊಂದರಲ್ಲಿ ಬಹಳ ಕಟುವಾಗಿ ಖಂಡಿಸಿದ್ದರು. ಅದು ತನ್ನ ಡ್ರೈವರಿನ ಒಂದು ಮುಖ್ಯ ಭಾಗವನ್ನು ಮುಕ್ತಗೊಳಿಸಿದುದು 2022ರ ಮೇ ತಿಂಗಳಿನಲ್ಲಿ. ಹತ್ತು ವರ್ಷದ ಹಿಂದಿನ ಅನುಭವವನ್ನು ಹೇಳುವವರ ಸಲಹೆಯನ್ನು ಹಾಗೆಯೇ ನಂಬುವುದೂ ಜಾಣತನವಾಗದು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಯು ಬೇಡುವ ಭದ್ರತಾ ಚಿಪ್ ಮೊದಲಾದವು ಇಲ್ಲದ ಅನೇಕ ಯಂತ್ರಗಳು, ಕೆಡದೆ ಇದ್ದರೂ, ಮೂಲೆ ಸೇರುವ ಸ್ಥಿತಿಗೆ ಬಂದವು. ಭಾಗಗಳ ಭಾಷೆ ಬಹಿರಂಗವಾಗಿರುವ ಯಂತ್ರವಾದರೆ ಅದರಲ್ಲಿ ಲಿನಕ್ಸನ್ನು ತುಂಬಿ ಇನ್ನೂ ಕೆಲವು ವರ್ಷ ದುಡಿಸಿಕೊಳ್ಳಬಹುದು. ಇದಕ್ಕೂ ಮಿತಿಯಿಲ್ಲದಿಲ್ಲ. ಯಾವ 386 ಸಂಸ್ಕಾರಕಕ್ಕಾಗಿ ಲಿನಕ್ಸ್ ಹುಟ್ಟಿತೋ ಅದರ ಬೆಂಬಲವನ್ನೇ 2012ರ ಡಿಸೆಂಬರಿನಲ್ಲಿ ತಿರುಳಿನಿಂದ ತೆಗೆದುಹಾಕಲಾಯಿತು. ಟೋರ್ವಾಲ್ಡ್ಸ್ ಅವರ ಆ 386 ಗಣಕಯಂತ್ರವು ಇಂದಿನ ಲಿನಕ್ಸನ್ನು ನಡೆಸಲಾರದು.