ಪರದೆಗಿಂತ ಮೊದಲು ಪುಟ

ಅದ್ಭುತ ಕಥೆ ಬರೆಯುವ ಹಂಬಲವಿರುವ ರಾಯಚೂರು, ದೇವದುರ್ಗ, ಮಾನ್ವಿಯ ಎಳೆಯರು ಮೊದಲು ಚಂದ್ರಶೇಖರ ಕಂಬಾರರನ್ನು ಓದಲಿ. ವೆಬ್ ಸರಣಿ ನೋಡಿ ಹುಟ್ಟಿದ ಹಂಬಲವಾದರೂ ಸರಿಯೇ.

1937ರಲ್ಲಿ ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದ ಕಂಬಾರರು ಶಿವಾಪುರವೆಂಬ ಊರನ್ನೇ ಕಟ್ಟಿದರು. ಅವರ ಕಾವ್ಯ, ನಾಟಕ, ಕಾದಂಬರಿಗಳಲ್ಲಿ ಆ ಊರು ಮತ್ತೆ ಮತ್ತೆ ಬರುತ್ತದೆ. ‘ಚಕೋರಿ’ ಕಾವ್ಯದಲ್ಲಿ ಯಕ್ಷಿಯನ್ನು ಹಂಬಲಿಸುವವನು ರಾಜಕುಮಾರನಲ್ಲ, ಕುರಿ ಕಾಯುವ ಹುಡುಗ. ಅಲ್ಲೇ ಇದೆ ಅವರ ಬಲ: ಮಾಯೆ ಎಷ್ಟೇ ದೊಡ್ಡದಿರಲಿ, ಭಾಷೆ ಊರಿನದು. ಸಿನಿಮಾವನ್ನೂ ಅವರು ದೂರವಿಡಲಿಲ್ಲ. ‘ಕರಿಮಾಯಿ’, ‘ಕಾಡು ಕುದುರೆ’ ಚಿತ್ರಗಳನ್ನು ತಾವೇ ನಿರ್ದೇಶಿಸಿದರು. ‘ಕಾಡು ಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಸಿನಿಮಾ ನೋಡಿದರೆ ಪುಸ್ತಕ ಓದಿದಂತೆಯೇ ಎನ್ನುವವರ ಮಾತು ಮಾತ್ರ ನಂಬಬಾರದು. ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆ ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕವಾಯಿತು, 1997ರಲ್ಲಿ ನಾಗಾಭರಣರ ಚಿತ್ರವೂ ಆಯಿತು. ನಾಟಕದಲ್ಲಿ ಊರಿನ ದೀಪದ ಕುಡಿಗಳು ಗುಡಿಯಲ್ಲಿ ಸೇರಿ ಕಥೆ ಹೇಳಿಕೊಳ್ಳುತ್ತವೆ. ಆ ಕುಡಿಗಳನ್ನು ಓದುಗ ತಾನೇ ಕಲ್ಪಿಸಿಕೊಳ್ಳಬೇಕು. ಬರೆಯಲು ಹೊರಟವನಿಗೆ ಆ ಅಭ್ಯಾಸ ಬೇಕೇ ಬೇಕು. ಹಾಗಾಗಿ ನಾಟಕ ಮೊದಲು, ಚಿತ್ರ ಆಮೇಲೆ.

ಬಿಡುವಾದಾಗ ರಾಯಚೂರು ಕೋಟೆಗೂ ಹೋಗಬೇಕು. 1294ರ ಶಾಸನವಿರುವ, 40 ಅಡಿಗೂ ಹೆಚ್ಚು ಉದ್ದದ ಒಂದೇ ಬಂಡೆ ಅಲ್ಲಿದೆ. ಅದನ್ನು ಕೋಣಗಳ ಬಂಡಿಯಲ್ಲಿ ಎಳೆದು ತಂದ ನೋಟವನ್ನು ಗೋಡೆಯ ಮೇಲೆ ಕೆತ್ತಿದ್ದಾರೆ. ಆ ಬಂಡಿ ಹೊಡೆದವನ ಕಥೆಯನ್ನು ರಾಯಚೂರಿನ ಮಾತಿನಲ್ಲೇ ಬರೆಯಲು ಶುರುಮಾಡಬಹುದು.