ಪ್ರಾಚೀನ ರೋಮ್: ಧಾನ್ಯ ವಿತರಣೆ ಮತ್ತು ದೈನಂದಿನ ಆಹಾರ

ಪ್ರಾಚೀನ ರೋಮ್ ನಗರದ ಸಾಮಾನ್ಯ ಜನರಲ್ಲಿ ಹೆಚ್ಚಿನವರು ಇನ್ಸುಲಾ ಎಂಬ ಬಹುಮಹಡಿ ಬಾಡಿಗೆ ಕಟ್ಟಡಗಳ ಇಕ್ಕಟ್ಟಿನ ಕೋಣೆಗಳಲ್ಲಿ ವಾಸಿಸುತ್ತಿದ್ದು, ಅಲ್ಲಿ ಒಲೆಯ ಅನುಕೂಲ ಕಡಿಮೆಯಿದ್ದುದರಿಂದ ಬೇಕರಿಯ ಬ್ರೆಡ್ಡನ್ನೇ ನೆಚ್ಚಿಕೊಂಡಿದ್ದರು. ಕ್ರಿ.ಪೂ. 123ರಲ್ಲಿ ಟ್ರಿಬ್ಯೂನ್, ಅಂದರೆ ಜನಸಾಮಾನ್ಯರ ಹಿತರಕ್ಷಣೆಗೆಂದು ಚುನಾಯಿತನಾಗುವ ಅಧಿಕಾರಿಯಾಗಿದ್ದ ಗೈಯಸ್ ಗ್ರಾಕಸ್, ನಿಗದಿತ ಅಗ್ಗದ ಬೆಲೆಗೆ ಧಾನ್ಯ ಒದಗಿಸುವ ಕಾನೂನನ್ನು ತಂದನು, ಕ್ರಿ.ಪೂ. 58ರಲ್ಲಿ ಇನ್ನೊಬ್ಬ ಟ್ರಿಬ್ಯೂನ್ ಕ್ಲೋಡಿಯಸ್ ಆ ಧಾನ್ಯವನ್ನು ಉಚಿತಗೊಳಿಸಿದನು. ತಿಂಗಳಿಗೆ 5 ಮೋಡಿಯಸ್, ಎಂದರೆ ಸುಮಾರು 33 ಕಿಲೋಗ್ರಾಂ ಗೋಧಿ ಪಡೆಯುತ್ತಿದ್ದವರ ಸಂಖ್ಯೆಯನ್ನು ಜೂಲಿಯಸ್ ಸೀಸರ್ 3,20,000ದಿಂದ 1,50,000ಕ್ಕೆ ಇಳಿಸಿದನು. ಈ ಧಾನ್ಯ ವಿತರಣೆಯನ್ನು ಬಡತನ ನಿವಾರಣೆಯ ಯೋಜನೆಯೆಂದು ಬರೆಯುವುದು ಸರಿಯಲ್ಲ. ಗುಲಾಮರನ್ನೂ ವಿದೇಶಿಯರನ್ನೂ ಹೊರಗಿಟ್ಟ ಈ ವ್ಯವಸ್ಥೆ ಪೌರತ್ವಕ್ಕೆ ಸಲ್ಲುವ ಹಕ್ಕಾಗಿತ್ತು.

ಆ ಧಾನ್ಯ ಸಿಸಿಲಿ, ಉತ್ತರ ಆಫ್ರಿಕಾ ಹಾಗೂ ಈಜಿಪ್ಟಿನಿಂದ ಹಡಗುಗಳಲ್ಲಿ ಬರುತ್ತಿತ್ತು. ಅದನ್ನು ಬೀಸುವ ಕೆಲಸ ಕತ್ತೆಗಳದ್ದು, ಗುಲಾಮರದ್ದು. ಕ್ರಿ.ಶ. 79ರ ವೆಸೂವಿಯಸ್ ಜ್ವಾಲಾಮುಖಿ ಸ್ಫೋಟದಲ್ಲಿ ಹೂತುಹೋದ ಪೊಂಪೈ ನಗರದ ಒಂದೇ ಬೇಕರಿಯ ಒಲೆಯಲ್ಲಿ ಇದ್ದಿಲಾಗಿ ಉಳಿದ 81 ಬ್ರೆಡ್‌ಗಳು ದೊರೆತಿದ್ದು, ನೆರೆಯ ಹರ್ಕ್ಯುಲೇನಿಯಂನಲ್ಲಿ ಸಿಕ್ಕ, ತುಂಡು ಮುರಿಯಲು ಗೆರೆ ಎಳೆದಿದ್ದ ದುಂಡನೆಯ ಬ್ರೆಡ್ಡಿನ ಮೇಲೆ ಸೆಲರ್ ಎಂಬ ಗುಲಾಮನ ಹೆಸರೂ ಅವನ ಒಡೆಯನ ಹೆಸರೂ ಮುದ್ರೆಯಾಗಿ ಒತ್ತಲ್ಪಟ್ಟಿವೆ.